ಮಾರ್ಖಾ ಕಣಿವೆಯ ಚಾರಣ: ಮೂರು ದಿನದ ರಜೆಯಲ್ಲಿ ಅಡಗಿದೆ ಉಸಿರಿನ ಲೆಕ್ಕ

ಮುಂಬಯಿಯಲ್ಲಿ ಮಳೆ ಹಿಡಿದು ಲೋಕಲ್ ಟ್ರೇನುಗಳು ಕುಂಟುತ್ತಾ ಓಡುವ ಹೊತ್ತಿಗೆ, ಹಿಮಾಲಯದ ಆಚೆ ಬದಿಯ ಲಡಾಖ್‌ನಲ್ಲಿ ಚಾರಣದ ಋತು ಆರಂಭವಾಗುತ್ತದೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿನ ಕಣಿವೆಗಳಲ್ಲಿ ಬಿಸಿಲು, ಹೊಲಗಳಲ್ಲಿ ಹಸಿರು. ಮುಂಬಯಿ, ಪುಣೆಯ ಕನ್ನಡಿಗರಲ್ಲಿ ರಾಜಮಾಚಿ, ಹರಿಶ್ಚಂದ್ರಗಡ, ಕಳಸೂಬಾಯಿಗಳನ್ನು ಏರಿದವರಿಗೆ ಕೊರತೆಯಿಲ್ಲ. ಊರಿಗೆ ಹೋದಾಗ ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತಿ ಬಂದವರೂ ಇದ್ದಾರೆ. ಇಂಥ ಗೆಳೆಯರ ಕೂಟದಲ್ಲಿ ಯಾರಾದರೊಬ್ಬರು, "ಒಮ್ಮೆ ಹಿಮಾಲಯಕ್ಕೆ ಹೋಗಿ ಬರುವ ಮಾರಾಯ್ರೆ" ಎಂದರೆ ಸಾಕು, ಮಾತು ಅಲ್ಲಿಂದಲೇ ಯೋಜನೆಯಾಗಿ ಬೆಳೆಯುತ್ತದೆ.

ಆಗ ಮೊದಲು ಬರುವ ಪ್ರಶ್ನೆ, "ರಜೆ ಎಷ್ಟು ದಿನ ಸಿಗುತ್ತದೆ?" ಶನಿವಾರ ಹೊರಟು ಮರುವಾರದ ಭಾನುವಾರ ಹಿಂದಿರುಗಿದರೆ ಒಟ್ಟು ಒಂಬತ್ತು ದಿನ, ಕಚೇರಿಗೆ ಕೊಡಬೇಕಾದ ರಜೆ ಐದೇ ದಿನ. ಲೆಕ್ಕ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಎತ್ತರದ ಹಿಮಾಲಯದ ಚಾರಣದಲ್ಲಿ ಅಪಾಯ ಒಳನುಸುಳುವುದು ಹೆಚ್ಚಾಗಿ ಈ ಅಚ್ಚುಕಟ್ಟು ಲೆಕ್ಕದ ಮೂಲಕವೇ. ಬೂಟು, ಜಾಕೆಟ್, ಬೆನ್ನುಚೀಲಗಳ ಪಟ್ಟಿಗಿಂತ ಮೊದಲು ಸರಿಹೋಗಬೇಕಾದದ್ದು ದಿನಗಳ ಪಟ್ಟಿ. ಲಡಾಖ್‌ನ ಜನಪ್ರಿಯ ಮಾರ್ಖಾ ಕಣಿವೆಯ ಚಾರಣವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ.

ಹಳ್ಳಿಯಿಂದ ಹಳ್ಳಿಗೆ ಸಾಗುವ ದಾರಿ

ಲೇಹ್ ಪಟ್ಟಣದ ದಕ್ಷಿಣಕ್ಕೆ, 1981ರಲ್ಲಿ ಸ್ಥಾಪನೆಯಾದ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೆ ಮಾರ್ಖಾ ನದಿ ಹರಿಯುತ್ತದೆ. ಈ ಉದ್ಯಾನ ಹಿಮಚಿರತೆಯ ನೆಲೆಯೆಂದು ಪ್ರಸಿದ್ಧ. ನದಿಯ ದಡದಲ್ಲಿ ಸ್ಕಿಯು, ಮಾರ್ಖಾ, ಹಂಕರ್ ಮೊದಲಾದ ಪುಟ್ಟ ಹಳ್ಳಿಗಳಿವೆ. ಸುತ್ತ ಹುಲ್ಲುಕಡ್ಡಿಯಿಲ್ಲದ ಕಂದುಬಣ್ಣದ ಬೆಟ್ಟಗಳು. ನೀರಿನ ಕಾಲುವೆ ತಲುಪಿದಷ್ಟು ಜಾಗದಲ್ಲಿ ಮಾತ್ರ ಬಾರ್ಲಿ, ಬಟಾಣಿಯ ಹೊಲಗಳು ಹಾಗೂ ಪೋಪ್ಲರ್, ವಿಲ್ಲೋ ಮರಗಳು.

ಹಿಂದೆ ಚಾರಣಿಗರು ಲೇಹ್ ಸಮೀಪದ ಸ್ಪಿತುಕ್‌ನಿಂದಲೇ ನಡೆಯಲು ಆರಂಭಿಸಿ ಗಂಡಾ ಲಾ ಎಂಬ ಕಣಿವೆದಾರಿಯನ್ನು ದಾಟಿ ಸ್ಕಿಯುಗೆ ಇಳಿಯುತ್ತಿದ್ದರು. ಈಗ ಹೆಚ್ಚಿನವರು ವಾಹನದಲ್ಲಿ ಝಂಸ್ಕಾರ್ ನದಿಯ ದಡದ ಚಿಲಿಂಗ್ ಕಡೆಯಿಂದ ಬರುತ್ತಾರೆ. ಚಿಲಿಂಗ್ ತಾಮ್ರ, ಹಿತ್ತಾಳೆ ಕೆಲಸದ ಕುಶಲಕರ್ಮಿಗಳ ಊರು. ಶೇ ಎಂಬಲ್ಲಿನ ದೊಡ್ಡ ಬುದ್ಧ ವಿಗ್ರಹವನ್ನು ನಿರ್ಮಿಸಲು ನೇಪಾಳದಿಂದ ಕರೆಸಲ್ಪಟ್ಟ ಶಿಲ್ಪಿಗಳ ವಂಶದವರು ಇವರೆಂಬ ಪ್ರತೀತಿಯಿದೆ. ಒಂದು ಕಾಲದಲ್ಲಿ ಇಲ್ಲಿ ಹಗ್ಗಕ್ಕೆ ತೂಗುಬಿಟ್ಟ ಪೆಟ್ಟಿಗೆಯಲ್ಲಿ ಕುಳಿತು ಝಂಸ್ಕಾರ್ ನದಿಯನ್ನು ದಾಟಬೇಕಿತ್ತು. ಆಮೇಲೆ ಸೇತುವೆ ಬಂತು, ರಸ್ತೆಯೂ ಕಣಿವೆಯೊಳಕ್ಕೆ ಮುಂದುವರಿಯಿತು. ಹೀಗಾಗಿ ಹಳೆಯ ಪುಸ್ತಕದ ನಕ್ಷೆಯನ್ನು ನೆಚ್ಚಿಕೊಳ್ಳದೆ, ನಡಿಗೆ ಎಲ್ಲಿಂದ ಆರಂಭ ಎಂಬುದನ್ನು ಲೇಹ್‌ನಲ್ಲಿ ವಿಚಾರಿಸಿಯೇ ಹೊರಡಬೇಕು.

ಸ್ಕಿಯು ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಮಾರ್ಖಾ ಹಳ್ಳಿ ಸುಮಾರು 3,750, ಹಂಕರ್ ಸುಮಾರು 4,000, ಅದರಾಚೆಯ ಥಚುಂಗ್‌ಸೆ ಬಿಡಾರ ಸುಮಾರು 4,200 ಮೀಟರ್. ಅಲ್ಲಿಂದ ಮೇಲೆ, ಕಾಂಗ್ ಯಾತ್ಸೆ ಹಿಮಶಿಖರದ ಬುಡದಲ್ಲಿರುವ ನಿಮಲಿಂಗ್ ಹುಲ್ಲುಗಾವಲು 4,800 ಮೀಟರ್ ಸಮೀಪದ್ದು. ಬೇಸಗೆಯಲ್ಲಿ ಕೆಳಗಿನ ಹಳ್ಳಿಯವರು ಕುರಿ, ಆಡು, ಯಾಕ್‌ಗಳನ್ನು ಮೇಯಿಸಲು ಇಲ್ಲಿಗೆ ತರುತ್ತಾರೆ. ಕೊನೆಯಲ್ಲಿ ಸುಮಾರು 5,200 ಮೀಟರ್ ಎತ್ತರದ ಕೊಂಗ್‌ಮಾರು ಲಾ ದಾಟಿ ಶಾಂಗ್ ಸುಮ್ಡೋಗೆ ಇಳಿದರೆ ಹೆಮಿಸ್ ಬೌದ್ಧ ವಿಹಾರದ ಕಡೆಗೆ ರಸ್ತೆ ಸಿಗುತ್ತದೆ.

ಎತ್ತರಕ್ಕೆ ಬೇಕು ದಿನಗಳ ದಕ್ಷಿಣೆ

ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮಹಾರಾಷ್ಟ್ರದ ಕಳಸೂಬಾಯಿ 1,646 ಮೀಟರ್. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಸಮುದ್ರ ಮಟ್ಟದ ಮುಂಬಯಿಯಿಂದ ವಿಮಾನ ಹತ್ತಿದವರು ಕೆಲವೇ ಗಂಟೆಗಳಲ್ಲಿ, ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಮೂರನೇ ಎರಡರಷ್ಟು ಮಾತ್ರ ವಾಯು ಒತ್ತಡವಿರುವ ಊರಿನಲ್ಲಿ ಇಳಿದಿರುತ್ತಾರೆ. ಕೊಂಗ್‌ಮಾರು ಲಾದ ಮೇಲೆ ಈ ಒತ್ತಡ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಒಂದೊಂದು ಉಸಿರಿನಲ್ಲೂ ದೊರೆಯುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಉಸಿರಾಟ ತೀವ್ರವಾಗುತ್ತದೆ, ಮೂತ್ರಪಿಂಡಗಳು ರಕ್ತದ ಸಮತೋಲನವನ್ನು ನಿಧಾನವಾಗಿ ಸರಿಪಡಿಸುತ್ತವೆ. ಈ ಕೆಲಸಕ್ಕೆ ದಿನಗಳೇ ಬೇಕು, ದಿನನಿತ್ಯದ ವ್ಯಾಯಾಮದಿಂದ ಅದನ್ನು ಬೇಗ ಮುಗಿಸಲಾಗದು. ದಿನವೂ ಜಿಮ್‌ಗೆ ಹೋಗುವ ಯುವಕನಿಗೆ ತಲೆನೋವು ಬಂದು, ನಿಧಾನವಾಗಿ ಹೆಜ್ಜೆ ಹಾಕುವ ಐವತ್ತೈದರ ಹಿರಿಯರು ಆರಾಮವಾಗಿರುವುದೂ ಉಂಟು. ಗಟ್ಟಿಮುಟ್ಟಾದವರು ಬೇಗ ಏರುತ್ತಾರೆ, ಬೇಗ ಏರುವವರೇ ಬೇಗ ತೊಂದರೆಗೆ ಸಿಲುಕುತ್ತಾರೆ.

ಈ ಪಾಠಕ್ಕೆ ನಮ್ಮ ದೇಶ ದೊಡ್ಡ ಬೆಲೆಯನ್ನೇ ತೆತ್ತಿದೆ. 1962ರ ಯುದ್ಧದ ಆಸುಪಾಸಿನಲ್ಲಿ ಬಯಲು ಸೀಮೆಯಿಂದ ಅವಸರದಲ್ಲಿ ಎತ್ತರದ ಗಡಿಗೆ ಸಾಗಿಸಲ್ಪಟ್ಟ ಯೋಧರಲ್ಲಿ ಅನೇಕರು ಈ ಕಾಯಿಲೆಗೆ ತುತ್ತಾದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರ ಕುರಿತು ನಡೆಸಿದ ಅಧ್ಯಯನ 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಈ ವಿಷಯದಲ್ಲಿ ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುವ ಅಧ್ಯಯನವದು. ಭಾರತೀಯ ಸೇನೆ ತನ್ನ ತರಬೇತಾದ ಜವಾನರಿಗೂ ಮೊದಲ ಹಂತದಲ್ಲಿ, ಅಂದರೆ 9,000ದಿಂದ 12,000 ಅಡಿ ಎತ್ತರದಲ್ಲಿ, ಆರು ದಿನಗಳ ಹೊಂದಾಣಿಕೆಯ ಅವಧಿಯನ್ನು ನೀಡುತ್ತದೆ. ಹೀಗಿರುವಾಗ ಕಚೇರಿಯ ಕುರ್ಚಿಯಿಂದ ಎದ್ದು ಬಂದವರು ಒಂದೇ ದಿನದಲ್ಲಿ ಸಿದ್ಧರಾಗುತ್ತೇವೆ ಎನ್ನುವುದು ಸರಿಯಲ್ಲ.

ವಿಮಾನದಲ್ಲಿ ಬಂದವರು ಕನಿಷ್ಠ 48 ಗಂಟೆ ವಿಶ್ರಾಂತಿ ಪಡೆಯಬೇಕೆಂದು ಲಡಾಖ್ ಆಡಳಿತ ಸೂಚಿಸುತ್ತದೆ. 3,000 ಮೀಟರ್ ದಾಟಿದ ಮೇಲೆ, ಇಂದು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿರಬಾರದು ಹಾಗೂ ಮೂರು ನಾಲ್ಕು ದಿನಗಳಿಗೊಮ್ಮೆ ಏರದೆ ಒಂದು ದಿನ ನಿಲ್ಲಬೇಕು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಹಗಲಿನಲ್ಲಿ ಸ್ವಲ್ಪ ಮೇಲೇರಿ ಕೆಳಗಿಳಿದು ಮಲಗುವುದಕ್ಕೆ ಅಡ್ಡಿಯಿಲ್ಲ. ಲೆಕ್ಕಕ್ಕೆ ಬರುವುದು ಮಲಗುವ ಎತ್ತರ.

ಒಂಬತ್ತು ದಿನವೋ, ಹನ್ನೆರಡು ದಿನವೋ?

ಒಂಬತ್ತು ದಿನಗಳ ಯೋಜನೆ ಸಾಮಾನ್ಯವಾಗಿ ಹೀಗಿರುತ್ತದೆ: ಶನಿವಾರ ಲೇಹ್, ಭಾನುವಾರ ಊರು ಸುತ್ತಾಟ, ಸೋಮವಾರ ಸ್ಕಿಯು, ಮಂಗಳವಾರ ಮಾರ್ಖಾ, ಬುಧವಾರ ಹಂಕರ್, ಗುರುವಾರ ನಿಮಲಿಂಗ್, ಶುಕ್ರವಾರ ಕೊಂಗ್‌ಮಾರು ಲಾ ದಾಟಿ ಲೇಹ್, ಶನಿವಾರ "ಇಷ್ಟು ದೂರ ಬಂದು ನೋಡದಿದ್ದರೆ ಹೇಗೆ" ಎಂದು ಪಾಂಗಾಂಗ್ ಸರೋವರ, ಭಾನುವಾರ ವಾಪಸು. ಇದರಲ್ಲಿ ಮೂರು ದೋಷಗಳಿವೆ. ಲೇಹ್‌ನ ವಿಶ್ರಾಂತಿ ಸಾಲದು. ಹಂಕರ್‌ನಿಂದ ನಿಮಲಿಂಗ್‌ಗೆ ಒಂದೇ ದಿನ ಸುಮಾರು 800 ಮೀಟರ್ ಏರಿಕೆಯಾಗುತ್ತದೆ. ಮಳೆ ಬಂದರೆ, ಹೊಳೆ ತುಂಬಿದರೆ, ಯಾರಿಗಾದರೂ ಹುಷಾರು ತಪ್ಪಿದರೆ ಕಾಯುವುದಕ್ಕೆ ಒಂದು ದಿನವೂ ಉಳಿದಿಲ್ಲ. ಲೇಹ್‌ಗೆ ಬಂದ ಮರುದಿನವೇ 5,300 ಮೀಟರ್ ಮೀರಿದ ಖರ್ದುಂಗ್ ಲಾಕ್ಕೆ ಕಾರಿನಲ್ಲಿ ಹೋಗಿ ಫೋಟೊ ತೆಗೆಸಿಕೊಳ್ಳುವವರಂತೂ ಆ ಅಲ್ಪ ವಿಶ್ರಾಂತಿಯನ್ನೂ ಕಳೆದುಕೊಳ್ಳುತ್ತಾರೆ.

ಹನ್ನೆರಡು ದಿನಗಳ ಯೋಜನೆಯಲ್ಲಿ ಶನಿವಾರ, ಭಾನುವಾರ ಪೂರ್ತಿ ವಿಶ್ರಾಂತಿ. ಸೋಮವಾರ ಲೇಹ್ ಅರಮನೆಯನ್ನೋ ಶಾಂತಿ ಸ್ತೂಪವನ್ನೋ ನಿಧಾನವಾಗಿ ಹತ್ತಿಳಿಯುವುದು. ಮಂಗಳವಾರ ಸ್ಕಿಯು, ಬುಧವಾರ ಮಾರ್ಖಾ, ಗುರುವಾರ ಹಂಕರ್. ಶುಕ್ರವಾರ ಥಚುಂಗ್‌ಸೆಯಲ್ಲಿ ಬಿಡಾರ. ಶನಿವಾರ ನಿಮಲಿಂಗ್. ಈ ಕೊನೆಯ ಏರಿಕೆ 500 ಮೀಟರನ್ನು ಸ್ವಲ್ಪ ಮೀರುವುದರಿಂದ ಭಾನುವಾರ ಅಲ್ಲೇ ತಂಗುವುದು. ಸೋಮವಾರ ಕೊಂಗ್‌ಮಾರು ಲಾ ದಾಟಿ ಶಾಂಗ್ ಸುಮ್ಡೋ, ಅಲ್ಲಿಂದ ವಾಹನದಲ್ಲಿ ಲೇಹ್. ಮಂಗಳವಾರ ಮೀಸಲು ದಿನ. ಬುಧವಾರ ಮರಳಿ ವಿಮಾನ.

ಈ ಯೋಜನೆಗೆ ಬೇಕಾದ ರಜೆ ಎಂಟು ದಿನ. ಅಂದರೆ ಸುರಕ್ಷಿತ ಚಾರಣಕ್ಕೂ ಅಪಾಯದ ಚಾರಣಕ್ಕೂ ಇರುವ ಅಂತರ ಬರೇ ಮೂರು ದಿನಗಳ ರಜೆ. ಅದು ಈ ವರ್ಷ ಸಿಗದಿದ್ದರೆ ಮುಂದಿನ ವರ್ಷಕ್ಕೆ ಕಾಯಬಹುದು, ಅಥವಾ ಒಂಬತ್ತು ದಿನಗಳಲ್ಲಿ ಹಂಕರ್‌ವರೆಗೆ ಮಾತ್ರ ನಡೆದು ಅದೇ ದಾರಿಯಲ್ಲಿ ಹಿಂದಿರುಗಬಹುದು. ಹಳ್ಳಿಗಳೆಲ್ಲ ಇರುವುದು ಹಂಕರ್‌ನ ಕೆಳಗೇ. ಸಮಯವಿರುವವರು ಶ್ರೀನಗರದಿಂದ ಕಾರ್ಗಿಲ್‌ನಲ್ಲಿ ತಂಗುತ್ತಾ ರಸ್ತೆಯಲ್ಲಿ ಬಂದರೆ ಏರಿಕೆ ಹಂತಹಂತವಾಗಿ ಆಗುತ್ತದೆ. ಮನಾಲಿಯ ರಸ್ತೆ 5,300 ಮೀಟರ್ ಎತ್ತರದ ತಂಗ್‌ಲಂಗ್ ಲಾವನ್ನು ದಾಟುವುದರಿಂದ ಹೊಸಬರಿಗೆ ಹೋಗುವಾಗ ಅಷ್ಟು ಅನುಕೂಲವಲ್ಲ.

ನಿಮಲಿಂಗ್‌ನಲ್ಲಿ ತಲೆನೋವು ಬಂದರೆ?

ಇಡೀ ಚಾರಣದಲ್ಲಿ ಅತಿ ಮುಖ್ಯ ನಿರ್ಧಾರ ಎದುರಾಗುವುದು ನಿಮಲಿಂಗ್‌ನ ರಾತ್ರಿಯಲ್ಲಿ. ಆಗಸ್ಟ್‌ನಲ್ಲೂ ಇಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿರಬಹುದು. ತಲೆನೋವಿನ ಜತೆಗೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಕಂಡುಬಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಬೇಕು. ಕುಳಿತಲ್ಲೇ ಏದುಸಿರು ಬರುವುದು, ಎಡೆಬಿಡದ ಕೆಮ್ಮು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಸೂಚನೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಮಾತು ತಡವರಿಸಿದರೆ ಮಿದುಳು ಊದಿಕೊಳ್ಳುತ್ತಿದೆ ಎಂದರ್ಥ. ಇವೆರಡೂ ಪ್ರಾಣಾಂತಿಕ. ಬೆಳಕು ಹರಿಯಲೆಂದು ಕಾಯುವಂತಿಲ್ಲ, ಕೂಡಲೇ ಕೆಳಗಿಳಿಸಬೇಕು.

ಆದರೆ ಯಾವ ಕಡೆಗೆ? ಮುಂದಿನ ಕಣಿವೆದಾರಿ ದಾಟಿದರೆ ರಸ್ತೆ, ವಾಹನ, ಲೇಹ್‌ನ ಆಸ್ಪತ್ರೆ ಎಲ್ಲವೂ ಹತ್ತಿರ. ಹಿಂದಕ್ಕೆ ಹೋದರೆ ಮತ್ತೆ ಕಣಿವೆಯ ಉದ್ದಕ್ಕೂ ನಡೆಯಬೇಕು. ಆದ್ದರಿಂದ "ಹೇಗಾದರೂ ಇನ್ನೊಂದು ದಿನ ತಳ್ಳೋಣ, ನಾಳೆ ಲೇಹ್ ತಲುಪುತ್ತೇವಲ್ಲ" ಎಂಬ ಆಲೋಚನೆ ಸಹಜವಾಗಿಯೇ ಬರುತ್ತದೆ. ತಪ್ಪುವುದು ಇಲ್ಲೇ. ಮುಂದಿನ ದಾರಿ ಇಳಿಯುವ ಮೊದಲು ಇನ್ನೂ 400 ಮೀಟರ್ ಏರುತ್ತದೆ. ರೋಗಿಗೆ ಆ ಏರಿಕೆಯೇ ಮಾರಕವಾಗಬಹುದು. ಹಿಂದಕ್ಕೆ ಹಂಕರ್ ಕಡೆಗೆ ಇಳಿದರೆ ಕೆಲವೇ ಗಂಟೆಗಳಲ್ಲಿ 800 ಮೀಟರ್ ಕೆಳಗೆ ಬಂದಂತಾಗುತ್ತದೆ, ಅಲ್ಲಿ ಮನೆಯಿದೆ, ಜನರಿದ್ದಾರೆ. ಹತ್ತಿರದ ರಸ್ತೆಗಿಂತ ಹತ್ತಿರದ ಇಳಿಜಾರು ಮುಖ್ಯ ಎಂಬುದನ್ನು ಗುಂಪಿನ ಪ್ರತಿಯೊಬ್ಬರೂ ಮೊದಲೇ ಅರಿತಿರಬೇಕು.

ಈ ಕಾರಣಕ್ಕೆ ಕೆಲವು ತೀರ್ಮಾನಗಳು ಮುಂಬಯಿಯಲ್ಲೇ ಆಗಬೇಕು. ವಾಪಸಾಗುವ ಕುರಿತು ಕೊನೆಯ ಮಾತು ಯಾರದ್ದು? ಒಬ್ಬರು ಇಳಿಯಬೇಕಾದರೆ ಜತೆಗೆ ಇಳಿಯುವವರು ಯಾರು? ಮಾರ್ಗದರ್ಶಿ ಒಬ್ಬನೇ ಇದ್ದರೆ ಉಳಿದವರು ಏನು ಮಾಡಬೇಕು? ಉತ್ತರ ಮೊದಲೇ ಇದ್ದರೆ ಅಲ್ಲಿ ವಾದವಿರುವುದಿಲ್ಲ. ನಮ್ಮವರಲ್ಲಿ ಇನ್ನೊಂದು ಸಂಕೋಚವೂ ಇದೆ. "ನನ್ನಿಂದಾಗಿ ಎಲ್ಲರ ಪ್ರಯಾಣ ಹಾಳಾಗುವುದು ಬೇಡ" ಎಂದು ತಲೆನೋವನ್ನು ಮುಚ್ಚಿಟ್ಟುಕೊಳ್ಳುವವರು ಪ್ರತಿ ಗುಂಪಿನಲ್ಲೂ ಸಿಗುತ್ತಾರೆ. ದಿನವೂ ಬೆಳಿಗ್ಗೆ, ಸಂಜೆ ಪ್ರತಿಯೊಬ್ಬರ ಆರೋಗ್ಯ ವಿಚಾರಿಸಿ ಬರೆದಿಡುವ ಕೆಲಸವನ್ನು ಒಬ್ಬರಿಗೆ ವಹಿಸಿದರೆ ಈ ಸಂಕೋಚ ತಾನಾಗಿ ಕಡಿಮೆಯಾಗುತ್ತದೆ.

ಅಸಿಟಜೋಲಮೈಡ್ ಮಾತ್ರೆ ದೇಹದ ಹೊಂದಾಣಿಕೆಗೆ ನೆರವಾಗುತ್ತದೆ ನಿಜ, ಆದರೆ ಅವಸರದ ಯೋಜನೆಗೆ ಅದು ಪರಿಹಾರವಲ್ಲ. ಸಲ್ಫಾ ಔಷಧದ ಅಲರ್ಜಿ ಇರುವವರು ವಿಶೇಷ ಎಚ್ಚರ ವಹಿಸಬೇಕು. ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆಯುಳ್ಳವರು ಹೊರಡುವುದಕ್ಕೆ ಎರಡು ತಿಂಗಳ ಮೊದಲೇ ವೈದ್ಯರನ್ನು ಕಾಣುವುದು ಒಳಿತು. ಮೊದಲ ದಿನಗಳಲ್ಲಿ ಮದ್ಯ, ನಿದ್ರೆಮಾತ್ರೆ ಎರಡೂ ಬೇಡ.

ಊರವರ ಮನೆಯ ಅತಿಥಿಗಳು

ಮಾರ್ಖಾ ಕಣಿವೆಯ ವೈಶಿಷ್ಟ್ಯವೆಂದರೆ ನಿಮಲಿಂಗ್‌ವರೆಗಿನ ಹಳ್ಳಿಗಳಲ್ಲಿ ಟೆಂಟ್ ಇಲ್ಲದೆಯೂ ಮನೆಗಳಲ್ಲೇ ತಂಗಬಹುದು. ಈ ವ್ಯವಸ್ಥೆಯ ಹಿಂದೆ ಹಿಮಚಿರತೆಯ ಕತೆಯಿದೆ. ಚಿರತೆ ರಾತ್ರಿ ಹಟ್ಟಿಗೆ ನುಗ್ಗಿ ಒಂದೇ ಸಲಕ್ಕೆ ಹಲವು ಕುರಿಗಳನ್ನು ಕೊಂದಾಗ ಬಡ ಕುಟುಂಬದ ವರ್ಷದ ಆದಾಯವೇ ಹೋಗುತ್ತಿತ್ತು, ಸಿಟ್ಟಿನಿಂದ ಊರವರು ಚಿರತೆಯನ್ನು ಕೊಲ್ಲುವುದೂ ಇತ್ತು. ರಿಂಚೆನ್ ವಾಂಗ್‌ಚುಕ್ ಅವರ ಮುಂದಾಳತ್ವದಲ್ಲಿ ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಸಂಸ್ಥೆ ಹಟ್ಟಿಗಳಿಗೆ ಭದ್ರವಾದ ಜಾಲರಿ ಹಾಕಿಸುವುದರ ಜತೆಗೆ, 2000ದ ದಶಕದ ಆರಂಭದಲ್ಲಿ ಹೆಮಿಸ್ ಉದ್ಯಾನದ ಹಳ್ಳಿಗಳಲ್ಲಿ ಹೋಮ್‌ಸ್ಟೇ ಪದ್ಧತಿಯನ್ನು ಬೆಳೆಸಿತು. ಚಿರತೆ ಉಳಿದರೆ ಪ್ರವಾಸಿಗರು ಬರುತ್ತಾರೆ, ಪ್ರವಾಸಿಗರು ಬಂದರೆ ಮನೆಯೊಡತಿಯ ಕೈಗೆ ಹಣ ಸೇರುತ್ತದೆ ಎಂಬ ಸರಳ ಲೆಕ್ಕವದು.

ಅತಿಥಿಗಳಿಗೆ ಸಾಮಾನ್ಯವಾಗಿ ಹಾಸಿಗೆ, ರಾತ್ರಿಯ ಊಟ, ಬೆಳಗಿನ ಉಪಾಹಾರ, ದಾರಿಗೆ ಬುತ್ತಿ ಸಿಗುತ್ತದೆ. ಅನ್ನ, ಬೇಳೆ, ರೊಟ್ಟಿ, ತರಕಾರಿ ದೊರೆಯುವುದರಿಂದ ಸಸ್ಯಾಹಾರಿಗಳು ಚಿಂತಿಸಬೇಕಿಲ್ಲ. ಹುರಿದ ಬಾರ್ಲಿಯ ಹಿಟ್ಟಾದ ಸಂಪಾ ನಮ್ಮ ಹುರಿಹಿಟ್ಟನ್ನು ನೆನಪಿಸುತ್ತದೆ. ಬೆಣ್ಣೆ, ಉಪ್ಪು ಹಾಕಿದ ಚಹಾ ಮೊದಲ ಗುಟುಕಿಗೆ ವಿಚಿತ್ರವೆನಿಸಿದರೂ ಚಳಿಗೆ ಹಿತ. ಶೌಚಾಲಯ ಒಣ ಪದ್ಧತಿಯದು. ಬಳಸಿದ ನಂತರ ಮಣ್ಣು ಅಥವಾ ಬೂದಿ ಹಾಕಬೇಕೇ ಹೊರತು ನೀರು ಸುರಿಯಬಾರದು, ಏಕೆಂದರೆ ಅದೇ ಮುಂದಿನ ಬೆಳೆಗೆ ಗೊಬ್ಬರ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಮುಂಬಯಿಯಲ್ಲಿ ಒಂದೇ ದಿನ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಅಲ್ಲಿಯ ಪ್ರತಿ ಕೊಡ ನೀರೂ ಕರಗಿದ ಹಿಮದಿಂದ ಬಂದದ್ದು. ಪ್ಲಾಸ್ಟಿಕ್ ಬಾಟಲಿ, ಬಿಸ್ಕತ್ತಿನ ಹೊದಿಕೆಗಳನ್ನು ಹಳ್ಳಿಯಲ್ಲಿ ಬಿಡದೆ ಲೇಹ್‌ಗೆ ಮರಳಿ ತರುವುದು ಅತಿಥಿಗಳ ಕರ್ತವ್ಯ.

ಸಾಮಾನು ಹೊರುವ ಕುದುರೆ, ಹೇಸರಗತ್ತೆಗಳನ್ನು ಮುಂಚಿತವಾಗಿಯೇ ಗೊತ್ತುಪಡಿಸಬೇಕು. ಆಗಸ್ಟ್ ಕೊನೆಯ ಹೊತ್ತಿಗೆ ಬಾರ್ಲಿ ಕೊಯ್ಲಿನ ಕೆಲಸ ಬಂದರೆ ಜನ ಸಿಗುವುದು ಕಷ್ಟ. ನಡೆಯಲಾಗದವರನ್ನು ಕೆಳಗಿಳಿಸುವುದಕ್ಕೂ ಅದೇ ಕುದುರೆ ಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ಹೊರಡುವ ಮುನ್ನ

ಕಾಲಿನ ತಯಾರಿಗೆ ಮುಂಬಯಿಯ ಸುತ್ತಲಿನ ಸಹ್ಯಾದ್ರಿಯೇ ಸಾಕು. ಮೂರು ತಿಂಗಳ ಮೊದಲೇ ವಾರದ ಕೊನೆಗೆ ಬೆನ್ನಿಗೆ ಆರೇಳು ಕಿಲೋ ಭಾರ ಹೊತ್ತು ಕೋಟೆ ಹತ್ತುವುದು, ವಾರದ ನಡುವೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು ಒಳ್ಳೆಯ ಅಭ್ಯಾಸ. ಇದು ಕಾಲಿಗೆ ಬಲ ಕೊಡುತ್ತದೆ, ಎತ್ತರದ ಹೊಂದಾಣಿಕೆಯನ್ನಲ್ಲ. ಬೂಟು ಹೊಸದಾಗಿರದೆ ಕಾಲಿಗೆ ಒಗ್ಗಿರಬೇಕು. ಕಣಿವೆಯಲ್ಲಿ ಎಟಿಎಂ ಇಲ್ಲ, ನಗದು ಜತೆಗಿರಲಿ. ಹೊರರಾಜ್ಯಗಳ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಕಣಿವೆಯೊಳಗೆ ಬಹುಪಾಲು ಸಂಪರ್ಕವೇ ಸಿಗದು. ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ಒಯ್ಯುವುದು ಕಾನೂನಿನ ಪ್ರಕಾರ ಅಪರಾಧ. ಆದ್ದರಿಂದ ಯಾವ ದಿನ ಎಲ್ಲಿರುತ್ತೇವೆ, ಯಾವ ದಿನದವರೆಗೆ ಕರೆ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂಬ ಚೀಟಿಯನ್ನು ಮನೆಯವರ ಕೈಯಲ್ಲೂ ಲೇಹ್‌ನ ವಸತಿಗೃಹದಲ್ಲೂ ಬಿಟ್ಟು ಹೋಗಬೇಕು. ವಿಮೆ ಮಾಡಿಸುವಾಗ ಅದು 5,000 ಮೀಟರ್ ಮೀರಿದ ಚಾರಣಕ್ಕೆ ಅನ್ವಯಿಸುತ್ತದೆಯೇ ಎಂದು ಓದಿ ನೋಡುವುದು ಅಗತ್ಯ.

ಹೊಳೆ ದಾಟುವ ಕೆಲಸ ಬೆಳಗಿನಲ್ಲೇ ಮುಗಿಯಬೇಕು. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ನಂತರ ನೀರು ಹೆಚ್ಚುತ್ತದೆ. ಲಡಾಖ್ ಒಣಪ್ರದೇಶವೆಂದು ಮಳೆಯನ್ನು ಅಲಕ್ಷಿಸುವಂತೆಯೂ ಇಲ್ಲ. 2010ರ ಆಗಸ್ಟ್ 5 ಮತ್ತು 6ರ ನಡುವಿನ ರಾತ್ರಿ ಲೇಹ್ ಪರಿಸರದಲ್ಲಿ ಮೇಘಸ್ಫೋಟದಿಂದ ಉಂಟಾದ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಮೀಸಲು ದಿನ ಇರಬೇಕಾದದ್ದು ಇಂಥ ಹವಾಮಾನಕ್ಕಾಗಿಯೂ ಹೌದು. ಲೇಹ್‌ನ ವಿಮಾನಗಳು ಹವೆ ಕೆಟ್ಟಾಗ ರದ್ದಾಗುವುದೂ ಸಾಮಾನ್ಯ.

ಕೊಂಗ್‌ಮಾರು ಲಾದ ಮೇಲೆ ಪ್ರಾರ್ಥನಾ ಪತಾಕೆಗಳ ಪಕ್ಕ ನಿಂತು ತೆಗೆಸಿಕೊಂಡ ಚಿತ್ರ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹಂಕರ್‌ನಿಂದಲೇ ಹಿಂದಿರುಗಿದ ಗುಂಪಿನಲ್ಲಿ ಆ ಚಿತ್ರ ಇರುವುದಿಲ್ಲ, ಆದರೆ ಹೊರಟವರೆಲ್ಲ ಇರುತ್ತಾರೆ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಮನೆಯೊಡತಿ ಆಗಲೂ ಬಾಗಿಲಲ್ಲಿ ನಿಂತು "ಜುಲೇ" ಎನ್ನುತ್ತಾಳೆ. ಲಡಾಖಿಗಳಿಗೆ ಅದು ನಮಸ್ಕಾರವೂ ಹೌದು, ಹೋಗಿ ಬನ್ನಿ ಎಂಬ ಹಾರೈಕೆಯೂ ಹೌದು. ಅದನ್ನು ಎರಡನೆಯ ಸಲ ಕೇಳಿಸಿಕೊಳ್ಳಬೇಕೆನ್ನುವವರು ಮೂರು ದಿನದ ರಜೆಯನ್ನು ಮೊದಲ ಸಲವೇ ಕೇಳಿ ಪಡೆಯುವುದು ಲೇಸು.